ಮನೇಲಿ ಪಿಜ್ಜಾ ಮಾಡೋರು ಹಿಟ್ಟಿಗೆ ಒಂದು ದಿನ ಟೈಮ್ ಕೊಡಿ

ಈಸ್ಟ್ ಜಾಸ್ತಿ ಸುರಿದು ಒಂದೇ ಗಂಟೇಲಿ ಹಿಟ್ಟು ಉಬ್ಬಿಸೋಕೆ ಹೋಗ್ಬೇಡಿ. 500 ಗ್ರಾಂ ಮೈದಾಗೆ 320 ಎಂಎಲ್ ನೀರು, 10 ಗ್ರಾಂ ಉಪ್ಪು, ಇನ್‌ಸ್ಟಂಟ್ ಈಸ್ಟ್ ಬರೀ 2 ಗ್ರಾಂ ಸಾಕು, ಚೆನ್ನಾಗಿ ನಾದಿ ಡಬ್ಬಿಗೆ ಹಾಕಿ ಮುಚ್ಚಿ 24 ಗಂಟೆ ಫ್ರಿಜ್ಜಲ್ಲಿ ಇಟ್ಬಿಡಿ, ನಿಧಾನಕ್ಕೆ ಹುದುಗು ಬಂದಷ್ಟೂ ರುಚಿ ಜಾಸ್ತಿ, ಬೇಯಿಸೋಕೆ 2 ಗಂಟೆ ಮುಂಚೆ ಹೊರಗೆ ತೆಗೆದಿಟ್ರೆ ಕೈಯಲ್ಲೇ ಆರಾಮಾಗಿ ಹಿಗ್ಗುತ್ತೆ. ಲಟ್ಟಣಿಗೆ ಮಾತ್ರ ದಯವಿಟ್ಟು ಮುಟ್ಬೇಡಿ, ಒಳಗಿರೋ ಗಾಳಿಯೆಲ್ಲಾ ಹೋಗಿ ಅಂಚು ಗಟ್ಟಿಯಾಗುತ್ತೆ. ಓವನ್ ಒಳಗೆ ಒಂದು ದಪ್ಪ ಟ್ರೇ ಬೋರಲು ಹಾಕಿ 250 ಡಿಗ್ರೀಲಿ ಮುಕ್ಕಾಲು ಗಂಟೆ ಕಾಯಿಸಿ, ಆ ಬಿಸಿ ಟ್ರೇ ಮೇಲೇನೇ ಪಿಜ್ಜಾ ಜಾರಿಸಿದ್ರೆ ತಳ ಹಸಿ ಉಳಿಯಲ್ಲ, 8–10 ನಿಮಿಷಕ್ಕೆ ರೆಡಿ. ಫ್ರೆಶ್ ಮೊಜರೆಲ್ಲಾ ಆದ್ರೆ ನೀರು ಬಸಿದು ಹಾಕಿ.