ಹಾಡು ಕೊಡುವ ಮುಂಚೆ ಅಗ್ರಿಮೆಂಟ್ ಓದಿ

ಇಲ್ಲಿ ಹಾಡು ಬರೆಯುವವರು, ರಾಗ ಹಾಕುವವರು ಜಾಸ್ತಿ ಇದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ಆಡಿಯೊ ಕಂಪನಿಯವರು ಕೊಟ್ಟ ಅಗ್ರಿಮೆಂಟಿಗೆ ಸುಮ್ನೆ ಸಹಿ ಹಾಕಬೇಡಿ.

ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು ಬೇರೆ, ಸಂಗೀತದ್ದು ಬೇರೆ, ರೆಕಾರ್ಡಿಂಗಿನದ್ದು ಬೇರೆ. ರೆಕಾರ್ಡಿಂಗ್ ಸಾಮಾನ್ಯವಾಗಿ ಅದನ್ನು ಮಾಡಿಸಿದವರದ್ದು. ಆದರೆ 2012ರ ಕಾಪಿರೈಟ್ ತಿದ್ದುಪಡಿಯ ನಂತರ, ನೀವು ಸಾಹಿತ್ಯ ಅಥವಾ ಸಂಗೀತದ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ಹಣದಲ್ಲಿ, ಹಕ್ಕು ಪಡೆದವರ ಜೊತೆ ಸಮಪಾಲು ನಿಮಗೆ ಸಿಗಲೇಬೇಕು (ಸಿನಿಮಾ ಹಾಡಾದರೆ, ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ತೋರಿಸುವುದನ್ನು ಬಿಟ್ಟು). ಆ ಪಾಲನ್ನು ನಿಮ್ಮ ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೆ ಮಾತ್ರ ವಹಿಸಬಹುದು. 'ರಾಯಲ್ಟಿ ಬೇಡ' ಎಂದು ಬರೆಸಿಕೊಂಡರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಎಷ್ಟೋ ಕಲಾವಿದರಿಗೆ ಇದು ಗೊತ್ತೇ ಇಲ್ಲ, ನಿಜಕ್ಕೂ ಬೇಜಾರಾಗುತ್ತದೆ.

'ಶಾಶ್ವತವಾಗಿ, ಇಡೀ ಜಗತ್ತಿಗೆ' ಎಂಬ ಸಾಲು ಇದೆಯಾ ನೋಡಿ, ಇದ್ದರೆ ಚರ್ಚೆ ಮಾಡಿ. ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಹೋಗುತ್ತದೆ. ಬಾಯಿಮಾತಿನಲ್ಲಿ ಹಕ್ಕು ಕೊಟ್ಟರೆ ಲೆಕ್ಕಕ್ಕಿಲ್ಲ, ಬರಹದಲ್ಲೇ ಇರಬೇಕು.

ನೋಂದಣಿ ಮಾಡಿಸದಿದ್ದರೆ ಹಕ್ಕೇ ಇಲ್ಲ ಎನ್ನುವವರನ್ನು ನಂಬಬೇಡಿ. ಹಾಡು ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ನೋಂದಣಿ ಒಂದು ಸಾಕ್ಷಿ ಅಷ್ಟೇ.

ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಕಾಪಿರೈಟ್ ಸೊಸೈಟಿಯಲ್ಲಿ ಸಾಹಿತಿ ಅಥವಾ ಸಂಗೀತ ಸಂಯೋಜಕರಾಗಿ ಸದಸ್ಯರಾಗಿ. ಸದಸ್ಯತ್ವ ಸಿಕ್ಕ ಮೇಲೆ ಪ್ರತಿ ಹಾಡಿನ ವಿವರವನ್ನೂ ಸೇರಿಸಬೇಕು, ಇಲ್ಲವಾದರೆ ರೇಡಿಯೊ, ಟಿವಿ, ಸ್ಟ್ರೀಮಿಂಗ್‌ನಿಂದ ಬಂದ ಹಣ ಯಾರದ್ದೆಂದು ತಿಳಿಯುವುದು ಕಷ್ಟ. ಇಬ್ಬರು ಸೇರಿ ಹಾಡು ಮಾಡಿದ್ದರೆ, ಯಾರಿಗೆ ಶೇಕಡಾ ಎಷ್ಟು ಎಂದು ಬಿಡುಗಡೆಗೆ ಮುಂಚೆಯೇ ಬರೆದು ಇಬ್ಬರೂ ಸಹಿ ಹಾಕಿ.