ಮೊದಲ ಸೀಟಿನಿಂದ ರೇಸ್ ಬಂದಾಗ: ನನ್ನ ಅನುಭವ

ಪೋಕರ್‌ನಲ್ಲಿ ತಲಾ ಎರಡು ಎಲೆ ಹಂಚುವ ಮುಂಚೆ ಇಬ್ಬರು ಕಡ್ಡಾಯವಾಗಿ ಇಡುವ ಚಿಪ್ಸ್ ಬ್ಲೈಂಡ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್; ಎಲ್ಲರಿಗೂ ಸೇರಿ ಮೇಜಿನ ಮೇಲೆ ಮೊದಲು ಬಿಚ್ಚುವ ಮೂರು ಎಲೆ ಫ್ಲಾಪ್; ಪಣ ಏರಿಸುವುದು ರೇಸ್, ಅಷ್ಟನ್ನೇ ಹಾಕಿ ಆಟದಲ್ಲಿ ಉಳಿಯುವುದು ಕಾಲ್, ಎಲೆ ಬಿಡುವುದು ಫೋಲ್ಡ್. ಒಂಬತ್ತು ಜನ ಕೂತ ಪೋಕರ್ ಮೇಜಿನಲ್ಲಿ ಬಿಗ್ ಬ್ಲೈಂಡ್‌ನ ಎಡಕ್ಕೆ, ಅಂದರೆ ಮೊದಲ ಸರದಿಯ ಸೀಟಿನಲ್ಲಿ ಕೂತವರು ಫ್ಲಾಪ್‌ಗೆ ಮೊದಲೇ ರೇಸ್ ಮಾಡಿದರೆ, ಉಳಿದ ಎಂಟು ಜನರಲ್ಲಿ ಯಾರ ಕೈಯಲ್ಲಿ ಏನಿದೆ ಎಂಬ ಸುಳಿವೂ ಇಲ್ಲದೆ ಅವರು ಚಿಪ್ಸ್ ಮುಂದಕ್ಕೆ ತಳ್ಳಿದ್ದಾರೆ ಎಂಬುದನ್ನು ನಾನು ಮೊದಲು ಗಮನಕ್ಕೆ ತಂದುಕೊಳ್ಳುತ್ತೇನೆ. ಫ್ಲಾಪ್ ನಂತರ ಕೊನೆಗೆ ಆಡುವ ಬಟನ್ ಸೀಟಿನಿಂದ ಬಂದ ರೇಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಆದ್ದರಿಂದ ನನ್ನ ಎಲೆ ಎಷ್ಟು ಚೆನ್ನಾಗಿದೆ ಎಂಬ ಪ್ರಶ್ನೆಗಿಂತ, ಈ ಸೀಟಿನಿಂದ ಈ ಮನುಷ್ಯ ಯಾವ ಯಾವ ಎಲೆಗೆ ರೇಸ್ ಮಾಡುತ್ತಾನೆ ಎಂಬ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಾದ ಮೇಲೆ ಕೊಡಗಿನ ಸುಂಟಿಕೊಪ್ಪದ ಕಡೆಯ ಸ್ನೇಹಿತರೊಬ್ಬರ ಮನೆಯಲ್ಲಿ ನಾವು ಕೂಡಿ ಆಡುತ್ತೇವೆ. ಹಣದ ವ್ಯವಹಾರ ಇಲ್ಲ. ಚಿಪ್ಸ್ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟು, ಕಾಫಿ ಕುಯ್ಲು ಶುರುವಾಗುವ ಮುಂಚೆ ಕೊನೆಯಲ್ಲಿರುವವರು ಎಲ್ಲರಿಗೂ ಊಟ ಹಾಕಿಸುತ್ತಾರೆ. ನಮ್ಮಲ್ಲಿ ಬಹುತೇಕರು ರಮ್ಮಿ ಆಡಿ ಬೆಳೆದವರು. ನೂರೊಂದರ ರಮ್ಮಿಯಲ್ಲಿ ಎಲೆ ನೋಡಿದ ಕೂಡಲೇ ಡ್ರಾಪ್ ಮಾಡಿದರೆ 20 ಅಂಕ, ಆಟದ ನಡುವೆ ಬಿಟ್ಟರೆ 40 ಅಂಕ ಎಂದು ಲೆಕ್ಕ ಹಾಕಿ ಎಲೆ ಕೆಳಗಿಡುವ ಇವರೇ, ಬ್ಲೈಂಡ್ ಇಟ್ಟಿರದ ಸೀಟಿನಲ್ಲಿ ಒಂದು ಚಿಪ್ಪೂ ಖರ್ಚಿಲ್ಲದೆ ಫೋಲ್ಡ್ ಮಾಡಲು ಸಾಧ್ಯವಿರುವ ಪೋಕರ್‌ನಲ್ಲಿ ಮಾತ್ರ ಎಕ್ಕ ಕಂಡರೆ ಕೈ ಬಿಡಲು ಒಪ್ಪುವುದಿಲ್ಲ.

ಎಕ್ಕ-ರಾಣಿಯನ್ನೇ ತೆಗೆದುಕೊಳ್ಳೋಣ. ನಮ್ಮ ಮೇಜಿನಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಮಾವ ಎಂದೇ ಕರೆಯುವುದು. ಮೊದಲ ಸೀಟಿನಿಂದ ಅವರು ರೇಸ್ ಮಾಡುವುದು ಹತ್ತರ ಜೋಡಿ ಮತ್ತು ಅದಕ್ಕಿಂತ ಮೇಲಿನ ಜೋಡಿಗಳಿಗೆ, ಮತ್ತು ಎಕ್ಕ-ರಾಜನಿಗೆ ಮಾತ್ರ. ನನ್ನ ಕೈಯಲ್ಲಿ ಒಂದು ಎಕ್ಕ, ಒಂದು ರಾಣಿ ಇರುವುದರಿಂದ ಅವರ ಬಳಿ ಎಕ್ಕದ ಜೋಡಿ ಇರುವ ಬಗೆಗಳು (ನಾಲ್ಕು ಎಕ್ಕಗಳಲ್ಲಿ ಯಾವ ಎರಡು ಎಂಬ ಲೆಕ್ಕ) ಆರರಿಂದ ಮೂರಕ್ಕೆ ಇಳಿಯುತ್ತವೆ, ರಾಣಿಯ ಜೋಡಿಯೂ ಹಾಗೆಯೇ ಮೂರು. ರಾಜ, ಗುಲಾಮ, ಹತ್ತು ಇವುಗಳ ಜೋಡಿ ಆರಾರು ಬಗೆ. ಎಕ್ಕ-ರಾಜ ಹದಿನಾರರಿಂದ ಹನ್ನೆರಡಕ್ಕೆ ಇಳಿಯುತ್ತದೆ. ಒಟ್ಟು 36. ಇವುಗಳಲ್ಲಿ 24 ಬಗೆಗಳ ಎದುರು ನನ್ನ ಕೈ ತೀರಾ ಹಿಂದೆ ಬಿದ್ದಿರುತ್ತದೆ: ಎಕ್ಕ-ರಾಜನ ಎದುರು ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 25, ರಾಜನ ಜೋಡಿಯ ಎದುರು ಸುಮಾರು 30. ಉಳಿದ 12 ಬಗೆಗಳು ಗುಲಾಮನ ಮತ್ತು ಹತ್ತರ ಜೋಡಿಗಳು. ಅವುಗಳ ಎದುರು ಕೂಡ ನಾನು ಸ್ವಲ್ಪ ಹಿಂದೆಯೇ. ಅಂದರೆ 36ರಲ್ಲಿ ಒಂದರ ಎದುರೂ ನನ್ನ ಕೈ ಮೇಲಲ್ಲ. ಮಾವ ರೇಸ್ ಮಾಡಿದಾಗ ನಾನು ಎಕ್ಕ-ರಾಣಿ ಬಿಟ್ಟಿದ್ದನ್ನು ಕಂಡು ಪಕ್ಕದವರು, "ಇಷ್ಟು ಒಳ್ಳೆ ಎಲೆ ಯಾಕೆ ಬಿಟ್ಟೆ ಮಾರಾಯ?" ಎಂದು ಕೇಳಿದ್ದುಂಟು. ಎಲೆ ಒಳ್ಳೆಯದೇ, ಆದರೆ ಆ ರೇಸ್‌ನ ಎದುರು ಅದು ಒಳ್ಳೆಯದಲ್ಲ.

ಅದೇ ಸೀಟಿನಿಂದ ಹೋಮ್‌ಸ್ಟೇ ನಡೆಸುವ ನಮ್ಮ ಇನ್ನೊಬ್ಬ ಸ್ನೇಹಿತ ರೇಸ್ ಮಾಡಿದರೆ ಲೆಕ್ಕವೇ ಬೇರೆ. ಏಳರ ಜೋಡಿಯಿಂದ ಮೇಲಿನ ಎಲ್ಲ ಜೋಡಿಗಳು, ಎಕ್ಕದ ಜೊತೆ ರಾಜನಿಂದ ಗುಲಾಮನವರೆಗೆ, ರಾಜ-ರಾಣಿ, ಇವೆಲ್ಲಕ್ಕೂ ಅವನು ರೇಸ್ ಮಾಡುತ್ತಾನೆ. ನನ್ನ ಕೈಯಲ್ಲಿ ಎಕ್ಕ-ರಾಣಿ ಇದ್ದರೆ ಅವನ ಬಗೆಗಳು 87 ಆಗುತ್ತವೆ. ನನ್ನನ್ನು ಪೂರ್ತಿ ಕೆಳಗೆ ಹಾಕುವ ಬಗೆಗಳು ಅದೇ 24, ಆದರೆ ಈಗ ನಾನು ಕೆಳಗೆ ಹಾಕುವ ಎಕ್ಕ-ಗುಲಾಮ ಮತ್ತು ರಾಜ-ರಾಣಿಯ ಬಗೆಗಳೂ 24 ಇವೆ. ಬಟನ್‌ನಲ್ಲೋ ಅದರ ಪಕ್ಕದಲ್ಲೋ ಕೂತಿದ್ದರೆ ನಾನು ಸಂತೋಷದಿಂದ ಕಾಲ್ ಮಾಡುತ್ತೇನೆ.

ಎಕ್ಕ-ರಾಜ ಮತ್ತು ಎಕ್ಕ-ರಾಣಿ ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಮಾವನ ರೇಸ್‌ನ ಎದುರು ಎರಡೂ ಒಂದೇ ಅಲ್ಲ. ಎಕ್ಕ-ರಾಜ ನನ್ನ ಕೈಯಲ್ಲಿದ್ದರೆ ಎಕ್ಕದ ಜೋಡಿ ಮೂರು, ರಾಜನ ಜೋಡಿ ಮೂರು, ಹೀಗೆ ನಿಜವಾಗಿ ಹೆದರಬೇಕಾದ ಬಗೆಗಳು ಆರೇ ಉಳಿಯುತ್ತವೆ. ಅದನ್ನು ನಾನು ಮಾವನ ಎದುರಾದರೂ ಫೋಲ್ಡ್ ಮಾಡುವುದಿಲ್ಲ.

ಸಣ್ಣ ಮತ್ತು ನಡುವಿನ ಜೋಡಿಗಳ ವಿಷಯದಲ್ಲಿ ನಾನು ನೋಡುವುದು ಎದುರಾಳಿಯ ಚಿಪ್ಸ್ ರಾಶಿಯನ್ನು. ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಅದೇ ಬೆಲೆಯ ಮೂರನೆಯ ಎಲೆ ಸಿಗುವುದು ಸರಾಸರಿ ಎಂಟೂವರೆ ಸಲಕ್ಕೆ ಒಮ್ಮೆ, ಅಂದರೆ ನೂರಕ್ಕೆ 12ರಷ್ಟೂ ಇಲ್ಲ. ಸಿಕ್ಕಾಗಲೆಲ್ಲ ಎದುರಿನವರು ಪೂರ್ತಿ ಕೊಡುವುದೂ ಇಲ್ಲ. ಹಾಗಾಗಿ ಕಾಲ್ ಮಾಡಬೇಕಾದ ಮೊತ್ತದ ಕನಿಷ್ಠ 15 ಪಟ್ಟು, ಸಾಧ್ಯವಾದರೆ 20 ಪಟ್ಟು ನಮ್ಮಿಬ್ಬರ ಬಳಿಯೂ ಇರಬೇಕು. ಬ್ಲೈಂಡ್ 50-100 ಇರುವಾಗ ರೇಸ್ 500 ಆಗಿದ್ದು, ಅವರ ಹಿಂದೆ 4,000 ಮಾತ್ರ ಉಳಿದಿದ್ದರೆ ಏಳರ ಜೋಡಿ ಬಿಡುತ್ತೇನೆ. 12,000 ಇದ್ದರೆ ಕಾಲ್ ಮಾಡುತ್ತೇನೆ. ನನ್ನ ಹಿಂದೆ ಇನ್ನೂ ಮಾತಾಡಬೇಕಾದವರಲ್ಲಿ, ಅಂದರೆ ಸರದಿ ಬರಬೇಕಾದವರಲ್ಲಿ, ಮತ್ತೆ ರೇಸ್ ಮಾಡುವ ಸ್ವಭಾವದವರು ಇದ್ದರೆ ಅದನ್ನೂ ಬಿಡುತ್ತೇನೆ, ಏಕೆಂದರೆ ಫ್ಲಾಪ್ ನೋಡುವ ಮೊದಲೇ 500 ಕೊಟ್ಟು ಎದ್ದುಬರಬೇಕಾಗುತ್ತದೆ. ಮೇಜಿನ ಸುತ್ತ ನೋಡಲು ಸಮಯ ಸಿಗಲೆಂದೇ ನನ್ನ ಸರದಿ ಬರುವವರೆಗೆ ನಾನು ಎಲೆ ಎತ್ತಿ ನೋಡುವುದಿಲ್ಲ. ಮುಂಚೆಯೇ ಎಲೆ ನೋಡಿ ಫೋಲ್ಡ್ ಮಾಡಲು ಕೈಯಲ್ಲಿ ಹಿಡಿದುಕೊಂಡವರು, ಚಿಪ್ಸ್ ಎಣಿಸಲು ಶುರು ಮಾಡಿದವರು, ಎಲ್ಲರೂ ಆಗ ಕಾಣುತ್ತಾರೆ.

ಮತ್ತೆ ರೇಸ್ ಮಾಡುವುದನ್ನು, ಅಂದರೆ ತ್ರೀ-ಬೆಟ್ ಅನ್ನು, ಮೊದಲ ಸೀಟಿನ ಎದುರು ನಾನು ಬಹಳ ಜಿಪುಣತನದಿಂದ ಬಳಸುತ್ತೇನೆ. ಎಕ್ಕ ಮತ್ತು ರಾಜನ ಜೋಡಿಗೆ ಯಾರ ಎದುರಾದರೂ ಮಾಡುತ್ತೇನೆ: ಅವರ ನಂತರ ಮಾತಾಡುವ ಸೀಟಿನಲ್ಲಿದ್ದರೆ 500ಕ್ಕೆ 1,500, ಬ್ಲೈಂಡ್‌ನಲ್ಲಿದ್ದರೆ 2,000, ನಡುವೆ ಯಾರಾದರೂ ಕಾಲ್ ಮಾಡಿದ್ದರೆ ಇನ್ನೊಂದು 500. ರಾಣಿಯ ಜೋಡಿಯಲ್ಲಿ ಮಾತ್ರ ಮನುಷ್ಯನನ್ನು ನೋಡುತ್ತೇನೆ. ಮಾವನ ಎದುರು ರಾಣಿಯ ಜೋಡಿಗೆ ತ್ರೀ-ಬೆಟ್ ಮಾಡಿದರೆ, ನಾನು ಗೆಲ್ಲಬೇಕಾದ ಹತ್ತರ ಮತ್ತು ಗುಲಾಮನ ಜೋಡಿಗಳನ್ನು ಅವರು ಮರುಮಾತಿಲ್ಲದೆ ಬಿಟ್ಟುಬಿಡುತ್ತಾರೆ. ಉಳಿಯುವುದು ನನ್ನನ್ನು ಸೋಲಿಸುವ ಎರಡು ದೊಡ್ಡ ಜೋಡಿಗಳು ಮತ್ತು ಎಕ್ಕ-ರಾಜ. ಕಾಲ್ ಮಾಡಿದರೆ ಆ ಹನ್ನೆರಡು ಬಗೆಗಳೂ ಆಟದಲ್ಲಿ ಉಳಿದು, ಸಣ್ಣ ಎಲೆಗಳ ಫ್ಲಾಪ್ ಬಂದಾಗ ನನಗೆ ಚಿಪ್ಸ್ ಕೊಡುತ್ತವೆ.

ಬಿಗ್ ಬ್ಲೈಂಡ್‌ನಲ್ಲಿ ಕೂತಾಗ "ಹೇಗೂ 100 ಇಟ್ಟಿದ್ದೇನೆ" ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ರೇಸ್ 250 ಆಗಿದ್ದರೆ ಅದರಲ್ಲಿ ಹುರುಳಿದೆ: 150 ಹಾಕಿ 400 ಗೆಲ್ಲಲು ಹೊರಟಂತೆ, ನೂರಕ್ಕೆ 27ರಷ್ಟು ಗೆಲ್ಲುವ ಸಾಧ್ಯತೆ ಇದ್ದರೆ ಲೆಕ್ಕ ಸರಿಹೋಗುತ್ತದೆ. ಆದರೆ ಆನ್‌ಲೈನ್ ಅಲ್ಲದೆ ನಮ್ಮಂತೆ ಒಂದೇ ಮೇಜಿನ ಸುತ್ತ ಕೂತು ಆಡುವಾಗ ರೇಸ್ 500 ಆಗುವುದು ಮಾಮೂಲು. ಆಗ 400 ಹಾಕಿ 650ಕ್ಕೆ ಆಡಬೇಕು, ಬೇಕಾಗುವ ಸಾಧ್ಯತೆ ನೂರಕ್ಕೆ 38, ಅದೂ ಫ್ಲಾಪ್ ನಂತರ ಅವರಿಗಿಂತ ಮೊದಲು ಮಾತಾಡಬೇಕಾದ ಸೀಟಿನಲ್ಲಿ. ಸಣ್ಣ ರೇಸ್‌ಗಳ ಆಟಕ್ಕೆಂದು ಹೇಳಿದ, ಬ್ಲೈಂಡ್‌ನಿಂದ ಧಾರಾಳವಾಗಿ ಕಾಲ್ ಮಾಡಿ ಎಂಬ ಸಲಹೆಯನ್ನು ಇಲ್ಲಿಗೆ ತಂದು ರಾಜ-ಗುಲಾಮನನ್ನೆಲ್ಲ ಕಾಲ್ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಗೋವಾದ ಕ್ಯಾಸಿನೊಗಳಲ್ಲಿ ಗುರುತಿಲ್ಲದವರ ಜೊತೆ ಕೂತಾಗ ನಾನು ಪ್ರತಿಯೊಬ್ಬರನ್ನೂ ಮೊದಲಿಗೆ ಮಾವನಂತೆಯೇ ಎಣಿಸುತ್ತೇನೆ. ಫೋಲ್ಡ್ ಮಾಡಿದ ಮೇಲೂ ಆ ಆಟ ಮುಗಿಯುವವರೆಗೆ ಫೋನ್ ಮುಟ್ಟುವುದಿಲ್ಲ. ಮೊದಲ ಸೀಟಿನಿಂದ ರೇಸ್ ಮಾಡಿದವರು ಕೊನೆಯಲ್ಲಿ ರಾಜ-ರಾಣಿಯನ್ನೋ ಎಕ್ಕ-ಗುಲಾಮನನ್ನೋ ಬಿಚ್ಚಿ ತೋರಿಸಿದರೆ, ಮುಂದಿನ ಸುತ್ತಿನಿಂದ ಅವರ ಲೆಕ್ಕವನ್ನು 36ರಿಂದ 87ರ ಕಡೆಗೆ ಸರಿಸುತ್ತೇನೆ.