ಸಮ್ಮೇಳನದ ಮಳಿಗೆಯಲ್ಲಿ ಎರಡು ನಿಮಿಷ: ಫ್ಯಾಂಟಸಿ ಬರೆಯುವವರು ಪ್ರಕಾಶಕರ ಹತ್ತಿರ ಮಾತಾಡುವುದು ಹೇಗೆ?

2013ರ ಫೆಬ್ರವರಿ. ವಿಜಯಪುರದಲ್ಲಿ 79ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಊರಿಗೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು. ಬಾಗಲಕೋಟೆಯಿಂದ ನಾನು 640 ಪುಟದ ಫ್ಯಾಂಟಸಿ ಕಾದಂಬರಿಯ ಕಟ್ಟು ಹೊತ್ತುಕೊಂಡು ಹೋಗಿದ್ದೆ. ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹಾಳೆ, ಒಳಗೆ ನಾನೇ ಬಿಡಿಸಿದ ನಕ್ಷೆ. ಪುಸ್ತಕ ಮಳಿಗೆಯಲ್ಲಿ ಒಬ್ಬ ಪ್ರಕಾಶಕರು ರೊಟ್ಟಿ ತಿನ್ನುತ್ತಿದ್ದರು. ಅವರ ಎಡಗೈಗೆ ಕಟ್ಟು ಕೊಟ್ಟೆ. "ನೋಡ್ತೀನಿ ಬಿಡ್ರಿ" ಅಂದರು. ನಾನು ಗೆದ್ದೆ ಅಂದುಕೊಂಡೆ. ಮೂರನೇ ದಿನ ಹೋಗಿ ನೋಡಿದರೆ ಮೇಜಿನ ಬಟ್ಟೆ ಗಾಳಿಗೆ ಹಾರದ ಹಾಗೆ ಮೂಲೆಯಲ್ಲಿ ನನ್ನ ಕಾದಂಬರಿ ಕೂತಿತ್ತು. ನಕ್ಷೆಯ ಮೇಲೆ ಚಹಾದ ಲೋಟದ ಗುರುತು.

ಆಗ ಸಿಟ್ಟು ಬಂದಿತ್ತು. ಆಮೇಲೆ 2019ರ ಧಾರವಾಡ ಸಮ್ಮೇಳನದಲ್ಲಿ, 2023ರಲ್ಲಿ ಹಾವೇರಿಯಲ್ಲಿ ಗೆಳೆಯನ ಮಳಿಗೆಯಲ್ಲಿ ಮೂರು ಮೂರು ದಿನ ನಿಂತು ಪುಸ್ತಕ ಮಾರಿದೆ. ಮೇಜಿನ ಆ ಕಡೆಯಿಂದ ನೋಡಿದಾಗ ಅರ್ಥವಾಯಿತು. ಹುಡುಗರು, ಹುಡುಗಿಯರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ಅದೇ ತಪ್ಪು ಮಾಡುತ್ತಾರೆ. ಅದಕ್ಕೇ ಈ ಲೇಖನ.

ಮೊದಲು ಒಂದು ವಿಷಯ. ಲೇಖಕರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವ ಸಾಹಿತ್ಯದ ಏಜೆಂಟರು ಅನ್ನುವ ಪದ್ಧತಿ ಕನ್ನಡದಲ್ಲಿ ಬೆಳೆದಿಲ್ಲ. ಸಂಪಾದಕರು ಬೇರೆ, ಮಾಲೀಕರು ಬೇರೆ ಅನ್ನುವುದೂ ಬಹಳ ಕಡೆ ಇಲ್ಲ. ಹಸ್ತಪ್ರತಿ ಓದುವವರು, ಕರಡು ತಿದ್ದುವವರು, ರೊಕ್ಕ ಹಾಕುವವರು, ಮಳಿಗೆಯಲ್ಲಿ ಕೂತು ಚಿಲ್ಲರೆ ಎಣಿಸುವವರು ಬಹಳಷ್ಟು ಸಲ ಒಬ್ಬರೇ. ಅಂದರೆ ನಿಮಗೆ ಬೇಕಾದವರು ನಿಮ್ಮ ಎದುರಿಗೇ ಇದ್ದಾರೆ. ಆದರೆ ಅವರ ತಲೆಯಲ್ಲಿ ಆ ಹೊತ್ತಿಗೆ ಇರುವುದು ಮಳಿಗೆ ಬಾಡಿಗೆ, ಬಾರದ ಟೆಂಪೊ, ಐನೂರರ ನೋಟಿಗೆ ಚಿಲ್ಲರೆ.

ಹೋಗುವ ಮುಂಚೆ

ಕಾದಂಬರಿ ಮುಗಿಸಿ. ಅರ್ಧ ಬರೆದದ್ದನ್ನು ಹಿಡಿದು ಹೋಗಬೇಡಿ, ಅಷ್ಟೇ.

ಯಾವ ಪ್ರಕಾಶನ ಎಂಥ ಪುಸ್ತಕ ತರುತ್ತದೆ ಅಂತ ನೋಡಿಕೊಳ್ಳಿ. ಇದಕ್ಕೆ ಸುಲಭದ ದಾರಿ: ಮೊದಲ ದಿನ ಯಾರ ಹತ್ತಿರವೂ ಮಾತಾಡದೆ ಎಲ್ಲ ಮಳಿಗೆ ಸುತ್ತಿ. ಬರೀ ವಿಮರ್ಶೆ, ವಚನ, ಸಂಶೋಧನೆ ತರುವವರ ಮುಂದೆ ಮಾಯಾಲೋಕದ ಕಥೆ ಹೇಳಿ ಉಪಯೋಗವಿಲ್ಲ.

ಕಟ್ಟು ಒಯ್ಯಬೇಡಿ. ಇದರಲ್ಲಿ ರಾಜಿ ಇಲ್ಲ. ಫೈಲು ಮನೆಯಲ್ಲಿ ಸಿದ್ಧ ಇರಲಿ, ಅದೂ ಯೂನಿಕೋಡ್‌ನಲ್ಲಿ. ನಮ್ಮ ಕಡೆ ಎಷ್ಟೋ ಮಂದಿ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿಸುತ್ತಾರೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ನಿಮ್ಮ ರಾಜಕುಮಾರಿಯ ಹೆಸರು ಬರೀ ಇಂಗ್ಲಿಷ್ ಅಕ್ಷರದ ಕಸವಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಪರಿವರ್ತನೆ ಆದ ಮೇಲೆ ಒಂದು ಸಲ ಪೂರ್ತಿ ಓದಿ. ಪಿಡಿಎಫ್ ಜೊತೆ ವರ್ಡ್ ಫೈಲೂ ಇರಲಿ. ಪುಟ ಕಟ್ಟುವ ಡಿಟಿಪಿಯವರಿಗೆ ಬೇಕಾಗುವುದು ಅದು.

ವಿಸಿಟಿಂಗ್ ಕಾರ್ಡಿನ ಮೇಲೆ "ಖ್ಯಾತ ಕಾದಂಬರಿಕಾರರು" ಅಂತ ಅಚ್ಚು ಹಾಕಿಸಬೇಡಿ. ನಾನು ನೋಡಿದ್ದೇನೆ. ಒಂದೂ ಪುಸ್ತಕ ಬಂದಿರಲಿಲ್ಲ. ಹೊಳೆಯುವ ಕಾರ್ಡು ಮಾಡಿಸಿದರೆ ಇನ್ನೊಂದು ತೊಂದರೆ, ಅದರ ಮೇಲೆ ಪೆನ್ನಿನಲ್ಲಿ ಏನೂ ಬರೆಯಲು ಆಗುವುದಿಲ್ಲ. ಸಾದಾ ಕಾಗದದ್ದೇ ಸಾಕು: ಹೆಸರು, ಊರು, ಫೋನು.

ಆ ಒಂದು ಮಾತು

ಎಲ್ಲರೂ ಬೀಳುವುದು ಇಲ್ಲೇ. ಪ್ರಕಾಶಕರು ಕೇಳುವುದು ಒಂದೇ ಪ್ರಶ್ನೆ: "ಏನ್ ಬರದೀರಿ?" ಇದಕ್ಕೆ ಸಾಮಾಜಿಕ ಕಾದಂಬರಿ ಬರೆದವರು ಹೇಗೋ ಉತ್ತರ ಕೊಟ್ಟುಬಿಡುತ್ತಾರೆ. ಫ್ಯಾಂಟಸಿ ಬರೆದವರು ಮಾತ್ರ ಲೋಕದ ಹುಟ್ಟಿನಿಂದ ಶುರು ಮಾಡುತ್ತಾರೆ. "ಸರ್, ಸಾವಿರ ವರ್ಷದ ಹಿಂದ ಏಳು ಮನೆತನ ಇದ್ದುವು. ಮೊದಲನೇ ಮನೆತನಕ್ಕ ಬೆಂಕಿ ಶಕ್ತಿ, ಎರಡನೇದಕ್ಕ ನೀರಿಂದು..." ನಾಲ್ಕನೇ ಮನೆತನ ಬರುವಷ್ಟರಲ್ಲಿ ಗಿರಾಕಿ ಒಬ್ಬರು ನಿಘಂಟು ಎತ್ತಿಕೊಂಡು "ಎಷ್ಟ್ರೀ ಇದು?" ಅಂದಿರುತ್ತಾರೆ. ಮುಗಿಯಿತು.

ಬರೆದವರ ತಪ್ಪೂ ಅಲ್ಲ. ವರ್ಷಗಟ್ಟಲೆ ಆ ಲೋಕ ಕಟ್ಟಿದ್ದಾರೆ, ಅದೇ ಅವರಿಗೆ ಪ್ರೀತಿ. ಆದರೆ ಕೇಳುವವರಿಗೆ ಹಿಡಿದುಕೊಳ್ಳಲು ಒಬ್ಬ ಮನುಷ್ಯ ಬೇಕು. ಯಾರು, ಅವರಿಗೆ ಏನು ಬೇಕಾಗಿದೆ, ಅಡ್ಡ ಬಂದದ್ದು ಏನು. ಈ ಮೂರರ ಜೊತೆಗೆ ನಿಮ್ಮ ಲೋಕದ ಒಂದೇ ಒಂದು ವಿಚಿತ್ರ. ಎರಡಲ್ಲ.

ಉದಾಹರಣೆ ಕೊಡುತ್ತೇನೆ. ವಿಜಯಪುರದ ತಾಜ್ ಬಾವಡಿ ನೋಡಿರುತ್ತೀರಿ, 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ದೊಡ್ಡ ಬಾವಿ. ಅಂಥ ಬಾವಡಿಯ ಮೇಲೆ ನೀವೊಂದು ಕಾದಂಬರಿ ಬರೆದಿದ್ದೀರಿ ಅಂದುಕೊಳ್ಳಿ. ಹೀಗೆ ಹೇಳಿ ನೋಡಿ:

"ಒಂದು ಬಾವಡಿ ಐತ್ರೀ. ಅದರ ನೀರು ಕುಡದವರಿಗೆ ಸತ್ತವರ ನೆನಪು ಬರ್ತಾವು. ಬಾವಡಿ ಕಾಯೋ ಹುಡುಗಿಗೆ ತನ್ನ ಅಪ್ಪನ್ನ ಕೊಂದವರು ಯಾರಂತ ಹಂಗ ಗೊತ್ತಾಗ್ತೈತಿ. ಆದ್ರ ಅವರೇ ಈಗ ಬಾವಡಿ ಮುಚ್ಚಾಕ ಹೊಂಟಾರ."

ಅಷ್ಟೇ. ಇಲ್ಲಿ ಬಾಯಿ ಮುಚ್ಚಬೇಕು. ಇದು ಎಲ್ಲಕ್ಕಿಂತ ಕಷ್ಟ. ಸುಮ್ನೆ ನಿಂತರೆ ಮುಜುಗರವಾಗುತ್ತದೆ, ಮತ್ತೆ ಏಳು ಮನೆತನಕ್ಕೆ ಜಾರುತ್ತೀರಿ. ಜಾರಬೇಡಿ. ಅವರು "ಆಮ್ಯಾಲೆ?" ಅಂದರೆ ಮಾತ್ರ ಮುಂದಕ್ಕೆ ಹೋಗಿ. ಅನ್ನದಿದ್ದರೆ ಅವರಿಗೆ ಬೇಕಿಲ್ಲ, ನೀವು ಇನ್ನೂ ಹತ್ತು ನಿಮಿಷ ಹೇಳಿದರೂ ಬೇಕಾಗುವುದಿಲ್ಲ.

ಈ ಮಾತನ್ನು ಮನೆಯವರ ಮುಂದೆ ಅಭ್ಯಾಸ ಮಾಡಬೇಡಿ, ಅವರು ಪ್ರೀತಿಯಿಂದ ಸುಳ್ಳು ಹೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿ. ನಾನು ಇಳಕಲ್ಲಿಗೆ ಹೋಗುವ ಬಸ್ಸಿನಲ್ಲಿ ಸೀರೆ ವ್ಯಾಪಾರಿಯೊಬ್ಬರಿಗೆ ಹೇಳಿದ್ದೆ. ಅಮೀನಗಡ ದಾಟುವ ಮುಂಚೆಯೇ ಅವರಿಗೆ ನಿದ್ದೆ. ಮನೆಗೆ ಬಂದು ಇಡೀ ಮಾತು ಬದಲಿಸಿದೆ.

ಇನ್ನೊಂದು ಗುಂಡಿ ಇದೆ. "ಫ್ಯಾಂಟಸಿ" ಅಂದ ತಕ್ಷಣ ನಮ್ಮಲ್ಲಿ ಮರುಪ್ರಶ್ನೆ ಬರುವುದು "ಮಕ್ಕಳ ಪುಸ್ತಕ ಏನ್ರೀ?" ಅಂತ. ಇಲ್ಲವೇ "ಪೌರಾಣಿಕಾನ?" ಅಂತ. ಸಿಟ್ಟಾಗಬೇಡಿ, ಅದರ ಮೇಲೆ ಭಾಷಣವೂ ಬೇಡ. "ದೊಡ್ಡವರಿಗೆ. ಪುರಾಣ ಅಲ್ಲ, ಕಥಿ ಈಗಿನ ಕಾಲದ್ದು" ಅಂತ ಒಂದೇ ಸಾಲು. ಆ ಸಾಲು ಮೊದಲೇ ಸಿದ್ಧ ಇರಲಿ.

ಪುಟ ಎಷ್ಟು ಅಂತ ಕೇಳಿಯೇ ಕೇಳುತ್ತಾರೆ. ಈಗ ಪುಸ್ತಕಕ್ಕೆ ಪುಟಕ್ಕೆ ರೂಪಾಯಿಯ ಮೇಲೆ ಬೆಲೆ ಬೀಳುತ್ತಿದೆ. ಹೊಸಬರ 640 ಪುಟವನ್ನು ಯಾರು ಕೊಳ್ಳಬೇಕು? "ಮೂರು ಸಂಪುಟದಾಗ ಮೊದಲನೇದು" ಅಂದರಂತೂ ಪ್ರಕಾಶಕರ ಮುಖ ನೋಡಬೇಕು, ಪಾಪ. ಒಂದೇ ಪುಸ್ತಕದಲ್ಲಿ ಮುಗಿಯುವ ಕಥೆ ಅಂತ ಹೇಳುವ ಹಾಗಿರಲಿ.

ಮಳಿಗೆಯ ಮುಂದೆ

ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಮಳಿಗೆಯ ಪರದೆ ಎತ್ತುವ ಹೊತ್ತು ಒಳ್ಳೆಯದು. ಮಧ್ಯಾಹ್ನ ಎಲ್ಲರೂ ಊಟದ ಪಾಳಿಯಲ್ಲಿ ನಿಂತಾಗಲೂ ನಡೆಯುತ್ತದೆ, ಪ್ರಕಾಶಕರು ತಾವೇ ಊಟ ಮಾಡುತ್ತಿಲ್ಲವೆಂದರೆ. ಸಂಜೆ ಬೇಡ. ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಗಿದ್ದೇವೆ ಅಂತ ಬರೆದುಕೊಟ್ಟು ಬಂದ ಮೇಷ್ಟ್ರುಗಳೆಲ್ಲ ಹಾಜರಿ ಚೀಟಿ ಪಡೆದು ಒಟ್ಟಿಗೇ ಪುಸ್ತಕಕ್ಕೆ ಬರುವ ಹೊತ್ತು ಅದು. ವರ್ಷದ ವ್ಯಾಪಾರ ಆಗುವುದೇ ಆ ಮೂರು ದಿನಗಳಲ್ಲಿ. ನಡುವೆ ನೀವು ಅಡ್ಡ ನಿಂತರೆ ಹೇಗೆ?

ಮೊದಲು ಒಂದು ಪುಸ್ತಕ ಕೊಳ್ಳಿ. ಲಂಚ ಅಂತ ಅಲ್ಲ. ಅವರು ತಂದದ್ದನ್ನು ಓದದೆ ಅವರು ನಿಮ್ಮದನ್ನು ಓದಲಿ ಅನ್ನುವುದು ಯಾವ ನ್ಯಾಯ? ಮೊದಲೇ ಓದಿದ್ದು ಇದ್ದರೆ ಇನ್ನೂ ಒಳ್ಳೆಯದು. "ನಿಮ್ಮ ಪ್ರಕಾಶನದ ಎಲ್ಲಾ ಪುಸ್ತಕ ಓದೀನ್ರೀ" ಅನ್ನಬೇಡಿ. ಯಾರೂ ನಂಬುವುದಿಲ್ಲ. ಒಂದು ಪುಸ್ತಕದ ಹೆಸರು ಹೇಳಿ, ಅದರಲ್ಲಿ ಏನು ಹಿಡಿಸಿತು ಹೇಳಿ.

ಆಮೇಲೆ ಹೆಸರು, ಊರು, ಆ ಒಂದು ಮಾತು. ಕೊನೆಗೆ ಒಂದೇ ಪ್ರಶ್ನೆ: "ಮೊದಲ ಮೂರು ಅಧ್ಯಾಯ ಕಳಿಸಲೇನ್ರಿ, ಯಾವುದಕ್ಕ ಕಳಿಸಲಿ?" ಇಮೇಲ್ ಅಂದರೆ ಇಮೇಲ್, ವಾಟ್ಸಪ್ ಅಂದರೆ ವಾಟ್ಸಪ್. ಬರೆದುಕೊಂಡು ಜಾಗ ಖಾಲಿ ಮಾಡಿ. ಸೆಲ್ಫಿ ಬೇಡ. ಅದನ್ನು "ಪ್ರಕಾಶಕರೊಂದಿಗೆ ಮಾತುಕತೆ" ಅಂತ ಫೇಸ್‌ಬುಕ್ಕಿಗೆ ಹಾಕುವುದಂತೂ ಬೇಡವೇ ಬೇಡ.

ಬೆಳಗಾವಿಯ ಗೆಳೆಯನೊಬ್ಬ ಕುಂದಾ ಡಬ್ಬಿ ಹಿಡಿದುಕೊಂಡು ಹೋಗಿದ್ದ. ಮಳಿಗೆಯವರೆಲ್ಲ ತಿಂದರು, ಚಲೋ ಐತಿ ಅಂದರು. ಕಾದಂಬರಿಯ ವಿಷಯ ತೆಗೆಯಲು ಅವನಿಗೇ ನಾಚಿಕೆಯಾಯಿತು. ಕುಂದಾ ಪುಸ್ತಕ ಬಂದ ಮೇಲೆ ಒಯ್ಯಿರಿ.

ನನಗೆ ಗೊತ್ತಿರುವ ಒಂದೇ ಅಡ್ಡದಾರಿ ಹೇಳುತ್ತೇನೆ. ಕೊನೆಯ ದಿನ ಸಂಜೆ ಮಳಿಗೆ ಎತ್ತುವಾಗ ಹೋಗಿ, ಪೆಟ್ಟಿಗೆ ಕಟ್ಟಲು ಕೈ ಹಚ್ಚಿ. ಸುತಳಿ ಹಿಡಿಯಲು ಆಗ ಯಾರೂ ಇರುವುದಿಲ್ಲ. ಪುಸ್ತಕದ ಪೆಟ್ಟಿಗೆ ಎಷ್ಟು ಭಾರ ಅಂತ ನಿಮಗೂ ತಿಳಿಯುತ್ತದೆ, ಯಾವುದು ಮಾರಾಟವಾಗದೆ ವಾಪಸ್ ಹೋಗುತ್ತಿದೆ ಅಂತಲೂ ಕಾಣುತ್ತದೆ. ಟೆಂಪೊ ಬರುವತನಕ ಅರ್ಧ ತಾಸು ಸಿಗುತ್ತದೆ. ಆಗ ಅವರೇ ಮಾತಾಡುತ್ತಾರೆ.

ರೊಕ್ಕ ಕೇಳುವವರು

ಸಮ್ಮೇಳನದ ಸುತ್ತ ಇನ್ನೊಂದು ಜಾತಿಯವರು ಓಡಾಡುತ್ತಾರೆ. "ನಿಮ್ಮ ಪುಸ್ತಕ ನಾವ ತರ್ತೀವಿ, ಪ್ಯಾಕೇಜ್ ಐತಿ" ಅನ್ನುವವರು. ರೊಕ್ಕ ಕೊಟ್ಟು ಅಚ್ಚು ಹಾಕಿಸುವುದು ಅಪರಾಧವಲ್ಲ. ಆದರೆ ಅದು ಅಚ್ಚಿನ ಕೆಲಸ, ಪ್ರಕಾಶನವಲ್ಲ. ಕರಡು ಯಾರು ತಿದ್ದುತ್ತಾರೆ, ಅಂಗಡಿಗೆ ಯಾರು ಮುಟ್ಟಿಸುತ್ತಾರೆ ಅಂತ ಕೇಳಿ, ಉತ್ತರ ತಡವರಿಸುತ್ತದೆ. ನನ್ನ ಪರಿಚಯದ ಒಬ್ಬರ ಮನೆಯ ಅಟ್ಟದಲ್ಲಿ ಐನೂರು ಪ್ರತಿ ಹಾಗೇ ಇವೆ. ಒಳ್ಳೆಯ ಪ್ರಕಾಶಕರು ನಿಮಗೆ ಗೌರವಧನ ಕೊಡುತ್ತಾರೆ, ಸಾಮಾನ್ಯವಾಗಿ ಪುಸ್ತಕದ ಬೆಲೆಯ ನೂರಕ್ಕೆ ಹತ್ತರ ಲೆಕ್ಕ. ಕೆಲವರು ಅದರ ಬದಲು ಪ್ರತಿ ಕೊಡುತ್ತಾರೆ. ಯಾವುದಾದರೂ ಬರವಣಿಗೆಯಲ್ಲಿ ಇರಲಿ.

2025ರಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ನನಗೇ ಇಬ್ಬರು ಫೋನ್ ಮಾಡಿದ್ದರು. "ಲಂಡನ್ನಿನ ಏಜೆಂಟ್ ಹುಡುಕಿಕೊಡುತ್ತೇವೆ, ಓದುವ ಶುಲ್ಕ ಇಷ್ಟು" ಅಂತ. ಇಂಗ್ಲಿಷ್ ಪ್ರಪಂಚದಲ್ಲಿ ಏಜೆಂಟರು ಇರುವುದು ನಿಜ. ಆದರೆ ಅವರ ಪಾಲು ಪುಸ್ತಕ ಮಾರಾಟವಾದ ಮೇಲೆ, ನಿಮಗೆ ಬರುವ ಹಣದಲ್ಲಿ ನೂರಕ್ಕೆ 15. ಬೇರೆ ದೇಶದ, ಅನುವಾದದ ಹಕ್ಕಿಗೆ ಸಾಮಾನ್ಯವಾಗಿ 20. ಓದಲು ರೊಕ್ಕ ಕೇಳಿದವರು ಏಜೆಂಟರಲ್ಲ. ಫೋನ್ ಇಡಿ.

ಇಂಗ್ಲಿಷಿನಲ್ಲಿ ಬರೆಯುವ ಬೆಳಗಾವಿಯ ಹುಡುಗರು ಕೇಳುತ್ತಿರುತ್ತಾರೆ, ಆ ಕಡೆ ಹೇಗೆ ಅಂತ. ಅಲ್ಲಿ ವೈಜ್ಞಾನಿಕ ಕಥೆ, ಫ್ಯಾಂಟಸಿಗೇ ಬೇರೆ ಸಮಾವೇಶಗಳಿವೆ. ವರ್ಲ್ಡ್‌ಕಾನ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು, ಅಲ್ಲಿ ಓದುಗರದ್ದೇ ಜಾತ್ರೆ. ವರ್ಲ್ಡ್ ಫ್ಯಾಂಟಸಿ ಕನ್ವೆನ್ಷನ್ 1975ರದ್ದು. ಅದು ಚಿಕ್ಕದು, ಸಂಪಾದಕರು, ಏಜೆಂಟರು ಜಾಸ್ತಿ ಸಿಗುವುದು ಅಲ್ಲಿ. ವರ್ಲ್ಡ್‌ಕಾನ್‌ನಲ್ಲಿ ಕಾಫಿ ಮೇಜಿನ ಸುತ್ತ ಕೆಲವೇ ಮಂದಿ ಕೂತು ಒಬ್ಬ ಲೇಖಕರ ಅಥವಾ ಸಂಪಾದಕರ ಜೊತೆ ಮಾತಾಡುವ ಪದ್ಧತಿ ಇದೆ, ಮುಂಚೆಯೇ ಹೆಸರು ಬರೆಸಬೇಕು. ಈಚಿನ ವರ್ಷಗಳಲ್ಲಿ ಆನ್‌ಲೈನ್ ಸದಸ್ಯತ್ವವೂ ಸಿಗುತ್ತಿದೆ, ವೀಸಾ ಇಲ್ಲದೆ ಮನೆಯಿಂದಲೇ ಗೋಷ್ಠಿ ಕೇಳಬಹುದು. ರಾತ್ರಿ ಜಾಗರಣೆ ಮಾತ್ರ ಗ್ಯಾರಂಟಿ. ತಪ್ಪುಗಳೂ ನಮ್ಮವೇ. ಸಂಪಾದಕರು ಶೌಚಾಲಯದಲ್ಲಿದ್ದಾಗ ಬಾಗಿಲ ಕೆಳಗಿನಿಂದ ಹಸ್ತಪ್ರತಿ ತಳ್ಳಿದವರ ಕಥೆ ಆ ವಲಯದಲ್ಲಿ ಇವತ್ತಿಗೂ ಓಡಾಡುತ್ತದೆ. ನಾನು ರೊಟ್ಟಿ ತಿನ್ನುವ ಕೈಗೆ ಕೊಟ್ಟದ್ದು ಎಷ್ಟೋ ವಾಸಿ, ಅಲ್ವಾ?

ಊರಿಗೆ ಬಂದ ಮೇಲೆ

ಒಂದು ವಾರದ ಒಳಗೆ ಕಳಿಸಿ. ಮರುದಿನವೇ ಬೇಡ, ಅವರು ಇನ್ನೂ ಪೆಟ್ಟಿಗೆ ಬಿಚ್ಚುತ್ತಿರುತ್ತಾರೆ. ಮೊದಲ ಸಾಲಿನಲ್ಲಿ ಎಲ್ಲಿ ಭೇಟಿಯಾದದ್ದು ಅಂತ ನೆನಪಿಸಿ. "ಬಾವಡಿ ಕಥಿ ಹೇಳಿದ್ದೆ, ಬಾಗಲಕೋಟೆಯವ" ಅಂದರೆ ಸಾಕು. ಆ ಒಂದು ಮಾತು ಗಟ್ಟಿಯಾಗಿದ್ದರೆ ಅವರಿಗೆ ನಿಮ್ಮ ಹೆಸರು ಮರೆತರೂ ಬಾವಡಿ ನೆನಪಿರುತ್ತದೆ. ಕೇಳಿದ್ದು ಮೂರು ಅಧ್ಯಾಯ ಅಂದರೆ ಮೂರೇ.

ಕಾಯುವಾಗ ಸುಮ್ಮನೆ ಕೂರಬೇಡಿ. ಅದೇ ಲೋಕದ ಒಂದು ಸಣ್ಣಕಥೆ ಬರೆದು ಮಯೂರ, ತುಷಾರ, ಸುಧಾದಂಥ ಪತ್ರಿಕೆಗೆ ಕಳಿಸಿ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೂ ಕಳಿಸಿ. ಅಲ್ಲಿ ಬಂದರೆ ಪ್ರಕಾಶಕರಿಗೆ ಹೇಳಲು ಒಂದು ನೆಪವಾಯಿತು. ವಯಸ್ಸು ಕಡಿಮೆ ಇದ್ದು ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುತ್ತದೆ, ಪ್ರಕಟಣೆ ನೋಡುತ್ತಿರಿ.

ಮೂರು ತಿಂಗಳು ಕಾಯಿರಿ. ಆಮೇಲೆ ಒಂದು ಸಂದೇಶ. ಅದಕ್ಕೂ ಉತ್ತರ ಇಲ್ಲದಿದ್ದರೆ ಇನ್ನೊಬ್ಬರಿಗೆ ಕಳಿಸುತ್ತಿದ್ದೇನೆ ಅಂತ ತಿಳಿಸಿ ಕಳಿಸಿಬಿಡಿ. ದಿನಾ ಮುಂಜಾನೆ ಹೂವಿನ ಚಿತ್ರದ ಜೊತೆ "ಶುಭೋದಯ" ಕಳಿಸುವವರಿದ್ದಾರೆ. ಅಂಥ ನಂಬರುಗಳನ್ನು ನನ್ನ ಗೆಳೆಯ ಮ್ಯೂಟ್ ಮಾಡಿ ಇಟ್ಟಿದ್ದಾನೆ. ಅವರ ಹಸ್ತಪ್ರತಿ ಅದೇ ಚಾಟಿನೊಳಗೆ ಮೇಲೆಲ್ಲೋ ಹೂತುಹೋಗಿದೆ.

ಬೇಡ ಅಂದರೆ "ಓದಿದ್ದಕ್ಕ ಧನ್ಯವಾದ್ರೀ" ಅನ್ನಿ. ಯಾಕೆ ಬೇಡ ಅಂತ ವಾದಕ್ಕಿಳಿಯಬೇಡಿ. ಮುಂದಿನದು ಬರೆದಾಗ ಕಳಿಸಬಹುದಾ ಅಂತ ಮಾತ್ರ ಕೇಳಿ. ನನ್ನ ಕಟ್ಟನ್ನು ಮೇಜಿನ ಬಟ್ಟೆಯ ಮೇಲೆ ಇಟ್ಟಿದ್ದ ಅದೇ ಪ್ರಕಾಶಕರಿಗೆ ಹಾವೇರಿಯಲ್ಲಿ ಹಾಗೆ ಕೇಳಿದೆ. "ಎಷ್ಟು ಪುಟ?" ಅಂದರು. "ನೂರಾ ತೊಂಬತ್ತು" ಅಂದೆ. "ನಕ್ಷೆ?" ಅಂದರು. ಇಲ್ಲ ಅಂದೆ. "ಕಳಿಸ್ರಿ" ಅಂದರು.